ರೋಗಶಯ್ಯೆಯ ಲೆಕ್ಕ

ಆಸ್ಪತ್ರೆಯ ಹಾಸಿಗೆಗಳನ್ನು ಎಣಿಸಿ ದಾಖಲೆಯಲ್ಲಿ ಬರೆದಿಡುವ ಪದ್ಧತಿಯು ಆಂಗ್ಲರ ಆಡಳಿತದೊಡನೆ ನಮ್ಮ ದೇಶಕ್ಕೆ ಬಂದುದೆಂದು ಭಾವಿಸುವವರು ತಮಿಳುನಾಡಿನ ತಿರುಮುಕ್ಕೂಡಲಿನ ದೇವಾಲಯದಲ್ಲಿರುವ ಚೋಳಶಾಸನವನ್ನೊಮ್ಮೆ ಗಮನಿಸಬೇಕು. 1063ರಿಂದ 1070ರವರೆಗೆ ಆಳಿದ ವೀರರಾಜೇಂದ್ರನ ಕಾಲದ ಆ ಶಾಸನವು ದೇವಾಲಯಕ್ಕೆ ಸೇರಿದ ಆತುರಶಾಲೆಯೊಂದನ್ನು ವರ್ಣಿಸುತ್ತ, ಅಲ್ಲಿ 15 ಹಾಸಿಗೆಗಳಿದ್ದುವೆಂದೂ, ಅವುಗಳಲ್ಲಿ ಮಲಗಿದವರ ಉಪಚಾರಕ್ಕೆ ಒಬ್ಬ ವೈದ್ಯ, ಒಬ್ಬ ಶಸ್ತ್ರವೈದ್ಯ, ಮೂಲಿಕೆ ತರುವ ಇಬ್ಬರು, ಶುಶ್ರೂಷೆಗೆ ಇಬ್ಬರು ಸ್ತ್ರೀಯರು, ಒಬ್ಬ ಕ್ಷೌರಿಕ ಹಾಗೂ ನೀರು ತರುವವನೊಬ್ಬ ನಿಯುಕ್ತರಾಗಿದ್ದರೆಂದೂ, ಪ್ರತಿ ರೋಗಿಗೆ ದಿನಕ್ಕೊಂದು ನಾಳಿ ಅಕ್ಕಿಯೂ ರಾತ್ರಿ ಉರಿಯುವ ದೀಪದ ವೆಚ್ಚವೂ ಗೊತ್ತಾಗಿದ್ದುವೆಂದೂ ತಿಳಿಸುತ್ತದೆ. ಹಾಸಿಗೆಯನ್ನು ಅದರ ಬಳಿ ನಿಲ್ಲುವ ಮನುಷ್ಯರಿಂದ ಬೇರ್ಪಡಿಸದೆ ಎಣಿಸಿದ ಆ ಲೇಖಕನ ವಿವೇಕವು ಸಾಮಾನ್ಯವಾದುದಲ್ಲ.

ನಮ್ಮ ನಾಡಿನಲ್ಲಿಯೂ ಇಂತಹ ಧರ್ಮಕಾರ್ಯ ಅಪರಿಚಿತವಾಗಿರಲಿಲ್ಲ. ಬೇಲೂರಿನಲ್ಲಿ ಹೊಯ್ಸಳ ದೊರೆ ವಿಷ್ಣುವರ್ಧನನು 1117ರಲ್ಲಿ ಕೇಶವನನ್ನು ಪ್ರತಿಷ್ಠಾಪಿಸಿದ ನಲವತ್ತೈದು ವರ್ಷಗಳ ತರುವಾಯ, 1162ರ ಬಳ್ಳಿಗಾವೆಯ ಶಾಸನವು ಅಲ್ಲಿಯ ಕೋಡಿಯ ಮಠವನ್ನು ಕೊಂಡಾಡುವಾಗ, ಅದು ಅಧ್ಯಯನದ ತಾಣವಾಗಿರುವಂತೆಯೇ ದೀನರಿಗೂ ಅಂಧರಿಗೂ ಅನ್ನವಿಕ್ಕುವ, ರೋಗಿಗಳಿಗೆ ಔಷಧವೀಯುವ ಸ್ಥಾನವೂ ಅಹುದೆಂದು ಹೇಳುತ್ತದೆ. ದೇವಾಲಯದ ಶಿಲ್ಪವನ್ನು ನೋಡಲೆಂದು ಬೇಲೂರು, ಹಳೇಬೀಡು, ಅರಸೀಕೆರೆಗಳಿಗೆ ಬರುವ ನಾವು, ಆ ಯುಗದ ದಾನಬುದ್ಧಿಯು ಶಿಲೆಯಲ್ಲಿಯೇ ಮುಗಿದಿತ್ತೆಂದು ತಿಳಿಯಬಾರದು.

ಮೈಸೂರು ಸಂಸ್ಥಾನದ ಕಾಲಕ್ಕೆ ಬಂದರೆ, ತಾಲ್ಲೂಕು ಕೇಂದ್ರಗಳ ಜನಕ್ಕೆ ದೊರೆತುದು ಬಹುಮಟ್ಟಿಗೆ ದವಾಖಾನೆಯೇ ಹೊರತು ಆಸ್ಪತ್ರೆಯಲ್ಲ. ರೋಗಿಯು ಸೀಸೆಯೊಡನೆ ಬಂದು, ಕಾಂಪೌಂಡರು ಕಲಸಿಕೊಟ್ಟ ಔಷಧವನ್ನು ತುಂಬಿಸಿಕೊಂಡು ಮನೆಗೆ ಮರಳುತ್ತಿದ್ದನು. ಮಲಗಿ ಚಿಕಿತ್ಸೆ ಪಡೆಯುವ ಅನುಕೂಲ ದೊಡ್ಡ ನಗರಗಳದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯು 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್‌ರಿಂದ ಉದ್ಘಾಟಿತವಾದಾಗ ಅಲ್ಲಿದ್ದ ಹಾಸಿಗೆಗಳು 140.

ಅದಕ್ಕೆ ಎರಡು ವರ್ಷ ಮುಂಚೆ, 1898ರಲ್ಲಿ, ಪ್ಲೇಗು ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ ಬೆಂಗಳೂರನ್ನು ತಲುಪಿತ್ತು. ಹರಿಹರದಿಂದ ಬೆಂಗಳೂರಿಗೆ ಬರುವ ಆ ಹಳಿಯ ನಡುವೆ ಅರಸೀಕೆರೆಯಿದೆ. ತೆಂಗಿನಕಾಯಿಯನ್ನೂ ಕೊಬ್ಬರಿಯನ್ನೂ ದೂರದ ಪೇಟೆಗಳಿಗೆ ಒಯ್ದು ಊರಿಗೆ ಐಶ್ವರ್ಯವನ್ನು ತಂದ ಮಾರ್ಗವೇ ಮಹಾಮಾರಿಗೂ ಮಾರ್ಗವಾಯಿತು. ಪ್ರಯಾಣಿಕರನ್ನು ನಿಲ್ದಾಣಗಳಲ್ಲಿ ತಡೆದು ಪರೀಕ್ಷಿಸುವುದು, ಸೋಂಕಿದವರನ್ನು ಶೆಡ್ಡುಗಳಲ್ಲಿರಿಸುವುದು, ಊರಿಗೆ ಊರೇ ಮನೆಗಳನ್ನು ತೊರೆದು ಹೊಲಗಳ ಗುಡಿಸಲುಗಳಲ್ಲಿ ವಾಸಿಸುವುದು ಆ ವರ್ಷಗಳ ರೂಢಿಯಾಯಿತು. ಸರ್ಕಾರವು ತಗಡಿನಿಂದಲೂ ಹುಲ್ಲಿನಿಂದಲೂ ಅವಸರವಾಗಿ ಎಬ್ಬಿಸಿದ ಆ ಶೆಡ್ಡುಗಳಲ್ಲಿ ಜಾಗಕ್ಕೆ ಕೊರತೆಯಿಲ್ಲದಿದ್ದರೂ ಜನ ಅವುಗಳಿಗೆ ಹೆದರಿ ರೋಗಿಗಳನ್ನು ಬಚ್ಚಿಟ್ಟರು. ನಂಬಿಕೆಯಿಲ್ಲದೆಡೆಯಲ್ಲಿ ಖಾಲಿಯಿರುವ ಹಾಸಿಗೆಯೂ ಇಲ್ಲದ ಹಾಸಿಗೆಯೇ.

ಬೇಲೂರಿನ ಸಂಕಟದ ಸ್ವರೂಪ ಬೇರೆ. ಮಲೆನಾಡಿನ ಅಂಚಿನ ಈ ಸೀಮೆಯನ್ನು ಚಳಿಜ್ವರವು ತಲೆಮಾರುಗಳ ಕಾಲ ಕಾಡಿತು. ಮಲೇರಿಯಾ ಋತುವನ್ನು ಅನುಸರಿಸುವ ರೋಗವಾದುದರಿಂದ ರೋಗಿಗಳ ಸಂಖ್ಯೆಯೂ ಋತುವಿನೊಡನೆ ಏರಿ ಇಳಿಯುತ್ತಿತ್ತು. ಒಳರೋಗಿಗಳು ಕಳೆದ ದಿನಗಳ ಮೊತ್ತವನ್ನು, ಹಾಸಿಗೆಗಳನ್ನು ವರ್ಷದ ದಿನಗಳಿಂದ ಗುಣಿಸಿದ ಮೊತ್ತದಿಂದ ಭಾಗಿಸಿ, ಆಸ್ಪತ್ರೆಯು ಶೇಕಡ ಇಷ್ಟು ತುಂಬಿತ್ತೆಂದು ಅಧಿಕಾರಿಗಳು ಹೇಳುವರಷ್ಟೆ. 30 ಹಾಸಿಗೆಗಳ ಆಸ್ಪತ್ರೆಯೊಂದು 120 ದಿನ ಪೂರ್ತಿ ತುಂಬಿ, ಉಳಿದ 245 ದಿನಗಳಲ್ಲಿ ದಿನಕ್ಕೆ ಹತ್ತೇ ಒಳರೋಗಿಗಳನ್ನು ಕಂಡಿತೆನ್ನೋಣ. ಲೆಕ್ಕವು ಶೇಕಡ 55 ಎನ್ನುತ್ತದೆ. ಅರ್ಧದಷ್ಟು ಖಾಲಿಯೆಂದು ಓದುವವನಿಗೆ, ಆ 120 ದಿನಗಳಲ್ಲಿ ಬಾಗಿಲಿನಿಂದ ಹಿಂದಿರುಗಿದವರ ಸುಳಿವೇ ಹತ್ತದು.

ದೇಶದ ಆರೋಗ್ಯಸ್ಥಿತಿಯನ್ನು ಸಮೀಕ್ಷಿಸಿದ ಸರ್ ಜೋಸೆಫ್ ಭೋರ್ ಅವರ ಸಮಿತಿಯು 1946ರಲ್ಲಿ ವರದಿಯನ್ನೊಪ್ಪಿಸಿದಾಗ, ಬ್ರಿಟಿಷ್ ಇಂಡಿಯಾದಲ್ಲಿ ಸಾವಿರ ಜನಕ್ಕೆ 0.24 ಹಾಸಿಗೆ, ಇಂಗ್ಲೆಂಡು ಮತ್ತು ವೇಲ್ಸಿನಲ್ಲಿ 7.14 ಎಂಬ ಸಂಗತಿ ಎಲ್ಲರಿಗೂ ತಿಳಿಯಿತು. ಹತ್ತರಿಂದ ಇಪ್ಪತ್ತು ಸಾವಿರ ಜನಕ್ಕೊಂದು 75 ಹಾಸಿಗೆಗಳ ಆಸ್ಪತ್ರೆ, ಅದಕ್ಕೆ ಆರು ಮಂದಿ ವೈದ್ಯರು: ಇದು ಸಮಿತಿಯ ದೂರದ ಗುರಿ. ತಿರುಮುಕ್ಕೂಡಲಿನ ಲೇಖಕನಂತೆ ಭೋರರೂ ಹಾಸಿಗೆಯೊಡನೆ ಮನುಷ್ಯರನ್ನು ಹೇಳಿದ್ದರು. ಸ್ವತಂತ್ರ ಭಾರತವು ಈ ಕನಸನ್ನು ಬಹಳ ಕುಗ್ಗಿಸಿ ಅಂಗೀಕರಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆರು ಹಾಸಿಗೆ, ಸಮುದಾಯ ಆರೋಗ್ಯ ಕೇಂದ್ರಕ್ಕೆ 30 ಎಂಬುದು ನಿಯಮವಾಯಿತು. ಸಾವಿರಕ್ಕೆ ಎರಡು ಹಾಸಿಗೆಗಳಿರಲೆಂಬ ಗುರಿಯನ್ನು 2017ರ ರಾಷ್ಟ್ರೀಯ ಆರೋಗ್ಯ ನೀತಿ ಇನ್ನೂ ಮುಂದಿನ ಗುರಿಯಾಗಿಯೇ ಇಟ್ಟಿದೆ.

ಇಂದು ಹಳೇಬೀಡಿನ ರೋಗಿಯನ್ನು ಬೇಲೂರಿಗೂ, ಬೇಲೂರಿನ ಮತ್ತು ಅರಸೀಕೆರೆಯ ರೋಗಿಯನ್ನು ಹಾಸನಕ್ಕೂ ಕಳುಹಿಸುವುದು ವಾಡಿಕೆ. ಜನ ದೊಡ್ಡಾಸ್ಪತ್ರೆ ಎನ್ನುವ ಹಾಸನದ ಶ್ರೀ ಚಾಮರಾಜೇಂದ್ರ ಆಸ್ಪತ್ರೆಯು 2006ರಲ್ಲಿ ಸ್ಥಾಪಿತವಾದ ವೈದ್ಯಕೀಯ ಮಹಾವಿದ್ಯಾಲಯದ ಬೋಧನಾಸ್ಪತ್ರೆಯಾಗಿ ಬೆಳೆದ ಮೇಲೆ ಈ ಪ್ರವಾಹ ಮತ್ತಷ್ಟು ಸಹಜವಾಯಿತು. ಕೆಳಗಿನ ಕೇಂದ್ರದಲ್ಲಿ ಮಂಚವಿದ್ದು ರಾತ್ರಿಪಾಳಿಯ ದಾದಿಯಿಲ್ಲದಿದ್ದರೆ, ಅಥವಾ ಹೆರಿಗೆ ಕೊಠಡಿಯಿದ್ದು ಅರಿವಳಿಕೆ ತಜ್ಞರಿಲ್ಲದಿದ್ದರೆ, ಬಸುರಿಯನ್ನು ಕರೆತಂದ ತಾಯಿಯು ನಡುರಾತ್ರಿಯಲ್ಲಿ ಮತ್ತೆ ಮೂವತ್ತು ನಲವತ್ತು ಕಿಲೋಮೀಟರು ಹೋಗಲೇಬೇಕು. ಕೆಳಗೆ ಹಾಸಿಗೆ ಖಾಲಿ, ಮೇಲೆ ವಾರ್ಡಿನ ನೆಲವೆಲ್ಲ ಭರ್ತಿ ಎಂಬ ಸ್ಥಿತಿಯನ್ನು ನಮ್ಮ ರಾಜ್ಯದ ಎಷ್ಟೋ ಜಿಲ್ಲೆಗಳು ಬಲ್ಲವು. ಇದನ್ನು ಜನರ ಅವಿವೇಕವೆನ್ನುವುದು ಅನ್ಯಾಯ. ಅವರು ಹುಡುಕುವುದು ವೈದ್ಯನಿರುವ ಹಾಸಿಗೆಯನ್ನು.

ಆದುದರಿಂದ ಆರೋಗ್ಯ ಇಲಾಖೆಯವರಲ್ಲಿ ನನ್ನದೊಂದು ವಿನಂತಿ. ಅರಸೀಕೆರೆ, ಬೇಲೂರು, ಹಳೇಬೀಡುಗಳ ಆಸ್ಪತ್ರೆಗಳ ಹಾಸಿಗೆಗಳ ಸಂಖ್ಯೆಯನ್ನು ಪ್ರಕಟಿಸುವಾಗ, ಪ್ರತಿ ತಿಂಗಳು ತುಂಬಿದುವೆಷ್ಟು, ರಾತ್ರಿಯಲ್ಲಿ ಕರ್ತವ್ಯದಲ್ಲಿದ್ದ ವೈದ್ಯರೂ ದಾದಿಯರೂ ಎಷ್ಟು ಮಂದಿ, ಮುಂದಕ್ಕೆ ಕಳುಹಿಸಿದ ರೋಗಿಗಳೆಷ್ಟು ಎಂಬುದನ್ನೂ ಆ ಸಂಖ್ಯೆಯ ಪಕ್ಕದಲ್ಲಿಯೇ ಮುದ್ರಿಸಿ, ಆಸ್ಪತ್ರೆಯ ಬಾಗಿಲಲ್ಲಿ ಎಲ್ಲರೂ ಓದುವಂತೆ ತೂಗುಹಾಕಲಿ.