ಸೀಮೆಯಿಂದ ಬಂದ ಸೀತಾಫಲ

ದಸರೆಯಿಂದ ದೀಪಾವಳಿಯವರೆಗೆ ಹಲಬರ್ಗಾ, ಭಾಲ್ಕಿ, ಔರಾದ ಕಡೆಯ ಸಂತೆಗಳಿಗೆ ಸೀತಾಫಲ ಬುಟ್ಟಿಗಟ್ಟಲೆ ಬಂದಿಳಿಯುತ್ತದೆ. ಕಲ್ಲು ನೆಲದಲ್ಲಿಯೂ ಅದು ಬೇರೂರುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿಸಿ ನೀರಿಲ್ಲದ ದಿನಗಳನ್ನು ಕಳೆಯುತ್ತದೆ. ಅದರ ಎಲೆಗೆ ಆಡು ಕೂಡ ಬಾಯಿ ಹಾಕದು. ಬೀದರಿನ ಕೆಂಪು ಗುಡ್ಡಗಳಲ್ಲಿ ಯಾರೂ ನೀರೆರೆಯದೆ ಬೆಳೆಯುವ ಈ ಗಿಡ ಈ ಮಣ್ಣಿನದೇ ಎಂದು ನೀವು ನಂಬಿದ್ದರೆ ಅದು ಸಹಜ. ಅದರ ಹೆಸರೇ ಸೀತೆಯದು. ಆದರೆ ಸಸ್ಯಶಾಸ್ತ್ರಜ್ಞರು ಹೇಳುವಂತೆ ಅದರ ತವರು ಉಷ್ಣವಲಯದ ಅಮೆರಿಕ. ನಮ್ಮ ಕೆಲವು ಪುರಾತನ ಶಿಲ್ಪಗಳಲ್ಲಿಯೇ ಈ ಹಣ್ಣನ್ನು ಗುರುತಿಸಿದವರೂ ಉಂಟು. ಆ ವಾದ ಇನ್ನೂ ಮುಗಿದಿಲ್ಲ. ಅದರ ಬಹುಪಾಲು ಬಂಧುಗಳು ಇರುವುದು ಮಾತ್ರ ಅಟ್ಲಾಂಟಿಕ್ ಸಾಗರದ ಆಚೆಯಲ್ಲಿಯೇ.

1470ರ ಸುಮಾರಿಗೆ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಬಹಮನಿ ಸುಲ್ತಾನರ ರಾಜಧಾನಿಯಾಗಿದ್ದ ಬೀದರಿಗೆ ಬಂದಿದ್ದನು. ಅಂದಿನ ಪೇಟೆಯಲ್ಲಿ ಅವನೊಡನೆ ನೀವು ನಡೆದಿದ್ದರೆ ಪೇರಲ, ಪಪ್ಪಾಯಿ, ಅನಾನಸ್, ಗೋಡಂಬಿ ಯಾವುದೂ ಕಣ್ಣಿಗೆ ಬೀಳುತ್ತಿರಲಿಲ್ಲ. ಹಬ್ಬದ ಬಾಗಿಲಿಗೆ ಕಟ್ಟಲು ಚೆಂಡು ಹೂವಿರಲಿಲ್ಲ. ಅಡುಗೆಗೆ ಮೆಣಸಿನಕಾಯಿಯೂ ಇರಲಿಲ್ಲ! ಕೊಲಂಬಸನು ಅಮೆರಿಕದ ದ್ವೀಪಗಳನ್ನು ಮುಟ್ಟಿದ್ದು 1492ರಲ್ಲಿ. ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಭಾರತಕ್ಕೆ ಹೊರಟ ಕಬ್ರಾಲನ ಹಡಗುಗಳು 1500ರಲ್ಲಿ ಬ್ರೆಜಿಲಿನ ತೀರವನ್ನು ಸೇರಿದವು. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾಯಿತು. ಆ ಬಳಿಕ ನಾವಿಕರ, ವ್ಯಾಪಾರಿಗಳ, ಮಿಷನರಿಗಳ ಕೈಯಿಂದ ಬೀಜಗಳು ಒಳನಾಡಿಗೆ ಹರಿದು ಬಂದವು. ಬಾದಶಹ ಜಹಾಂಗೀರನು ಆಗ್ರಾದ ತನ್ನ ತೋಟದಲ್ಲಿ ಬೆಳೆಯುತ್ತಿದ್ದ ಅನಾನಸನ್ನು ತನ್ನ ಆತ್ಮಕಥೆಯಲ್ಲಿ ನೆನೆದು, ಅದು ಫಿರಂಗಿಗಳ ಬಂದರುಗಳಿಂದ ಬಂದದ್ದೆಂದು ಬರೆದಿದ್ದಾನೆ.

ನಮ್ಮ ಭಾಷೆ ಈ ಅತಿಥಿಗಳ ಊರನ್ನು ಮರೆತಿಲ್ಲ. ಮೈಸೂರು ಸೀಮೆಯವರಿಗೆ ಪಪ್ಪಾಯಿ ಇಂದಿಗೂ ಪರಂಗಿ ಹಣ್ಣು. ಸೀಮೆಹುಣಸೆ, ಸೀಮೆಬದನೆ ಎಂಬಲ್ಲಿನ 'ಸೀಮೆ' ಎಂದರೆ ಹೊರನಾಡು. ಇನ್ನು ಕೆಲವಕ್ಕೆ ಮನೆಮಗಳ ಹೆಸರೇ ದೊರೆಯಿತು. ದಕ್ಷಿಣ ಅಮೆರಿಕದ ಒಂದು ಮರದ ಹೂವಿನೊಳಗೆ ಹೆಡೆಯನ್ನೂ ಲಿಂಗವನ್ನೂ ಕಂಡ ನಮ್ಮ ಜನ ಅದನ್ನು ನಾಗಲಿಂಗ ಪುಷ್ಪವೆಂದು ಕರೆದು ಶಿವಾಲಯದ ಅಂಗಳದಲ್ಲಿ ನೆಟ್ಟರು.

ಇದಕ್ಕಿಂತ ಸ್ವಾರಸ್ಯವಾದ ಕಥೆ ಇನ್ನೊಂದು ಬಳ್ಳಿಯದು. ಅಮೆರಿಕದ ಕಾಡುಗಳಲ್ಲಿ ಸ್ಪೇನಿನ ಮಿಷನರಿಗಳು ಕಂಡ ಒಂದು ವಿಚಿತ್ರ ಹೂವಿನ ವರ್ಣನೆ 1610ರ ವೇಳೆಗೆ ರೋಮಿನ ಜಕೊಮೊ ಬೋಸಿಯೊ ಎಂಬ ವಿದ್ವಾಂಸನ ಕೈಸೇರಿತು. ಹೂವಿನ ನಡುವೆ ಸುತ್ತಲೂ ಹರಡಿದ ಎಳೆಗಳು ಮುಳ್ಳಿನ ಕಿರೀಟ, ಐದು ಕೇಸರಗಳು ಪ್ರಭುವಿನ ಐದು ಗಾಯಗಳು, ಮೂರು ಶಲಾಕಾಗ್ರಗಳು ಮೂರು ಮೊಳೆಗಳು ಎಂದು ಭಕ್ತರು ಓದಿದರು. ಆದುದರಿಂದಲೇ ಅದಕ್ಕೆ ಕ್ರಿಸ್ತರ ಯಾತನೆಯ ಹೂವೆಂಬ ಹೆಸರು. ಕೊಡಗಿನ ಅಂಗಡಿಗಳಲ್ಲಿ ಶರಬತ್ತಾಗಿ ದೊರೆಯುವ ಪ್ಯಾಶನ್ ಫ್ರೂಟ್ ಇದೇ ಕುಲದ ಹಣ್ಣು. ಈ ಬಳ್ಳಿ ಭಾರತಕ್ಕೆ ಬಂದಾಗ ಏನಾಯಿತು ಗೊತ್ತೇ? ನಮ್ಮ ನೆರೆಯ ಮರಾಠಿಯಲ್ಲಿ ಅದು ಕೃಷ್ಣಕಮಳವಾಯಿತು. ಸುತ್ತಲಿನ ಎಳೆಗಳು ನೂರು ಮಂದಿ ಕೌರವರಾದರು, ಐದು ಕೇಸರಗಳು ಪಾಂಡವರಾದರು. ಹೂವು ಅದೇ, ಎಣಿಕೆಯೂ ಅದೇ. ನೋಡಿದ ಜನ ಮಾತ್ರ ತಮ್ಮ ತಮ್ಮ ಕಥೆಯನ್ನು ಅದರೊಳಗೆ ಕಂಡುಕೊಂಡರು. ಇವುಗಳಲ್ಲಿ ಒಂದು ನಿಜ, ಇನ್ನೊಂದು ಕಲ್ಪನೆ ಎಂದು ಜಗಳಕ್ಕಿಳಿಯುವುದು ಹೂವಿಗೆ ಮಾಡುವ ಅನ್ಯಾಯವೆಂದೇ ನನ್ನ ಎಣಿಕೆ.

18ನೆಯ ಶತಮಾನದಿಂದ ಈಚೆಗೆ ಗಿಡಗಳನ್ನು ತರಿಸಿ, ಬೆಳೆಸಿ, ಹಂಚುವ ಕೆಲಸವನ್ನು ಸಸ್ಯೋದ್ಯಾನಗಳು ವಹಿಸಿಕೊಂಡವು. 1760ರಲ್ಲಿ ಹೈದರಾಲಿ ಬೆಂಗಳೂರಿನಲ್ಲಿ ಲಾಲ್‌ಬಾಗನ್ನು ಆರಂಭಿಸಿದನು. ಟಿಪ್ಪು ಸುಲ್ತಾನನು ಪರದೇಶಗಳಿಂದ ಬೀಜ, ಸಸಿಗಳನ್ನು ತರಿಸಿದನು. ಬಂಗಾಳದಲ್ಲಿ ಬೈಬಲ್ ಅನುವಾದಕರಾದ ವಿಲಿಯಂ ಕೇರಿಯವರು ಶ್ರೀರಾಮಪುರದಲ್ಲಿ ತಮ್ಮದೇ ತೋಟವನ್ನು ಬೆಳೆಸಿ, ಕಲಕತ್ತೆಯ ಸಸ್ಯೋದ್ಯಾನದ ಗಿಡಗಳ ಪಟ್ಟಿಯನ್ನು 1814ರಲ್ಲಿ ಅಚ್ಚು ಮಾಡಿಸಿದರು. 1820ರಲ್ಲಿ ಕೃಷಿ ಮತ್ತು ತೋಟಗಾರಿಕೆ ಸಂಘವನ್ನು ಸ್ಥಾಪಿಸಿದರು. ಆ ದಿನಗಳಲ್ಲಿ ತಿಂಗಳುಗಟ್ಟಲೆ ಹಡಗಿನಲ್ಲಿ ಸಾಗುವ ಸಸಿಗಳಲ್ಲಿ ಹೆಚ್ಚಿನವು ಉಪ್ಪುಗಾಳಿಗೆ ಸಾಯುತ್ತಿದ್ದವು. 1830ರ ದಶಕದಲ್ಲಿ ಲಂಡನ್ನಿನ ವೈದ್ಯ ನಥಾನಿಯೆಲ್ ವಾರ್ಡ್ ಮುಚ್ಚಿದ ಗಾಜಿನ ಪೆಟ್ಟಿಗೆಯ ಉಪಾಯವನ್ನು ಪ್ರಚಾರಕ್ಕೆ ತಂದನು. ಗಿಡ ಹೊರಬಿಟ್ಟ ತೇವವೇ ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೆ ಇಳಿಯುತ್ತಿತ್ತು.

1856ರಲ್ಲಿ ಲಾಲ್‌ಬಾಗ್ ಸರಕಾರಿ ಸಸ್ಯೋದ್ಯಾನವಾಯಿತು. 1874ರಲ್ಲಿ ಬಂದ ಜಾನ್ ಕ್ಯಾಮರೂನರ ಕಾಲದಲ್ಲಿ, 1889ರಲ್ಲಿ, ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ನಮ್ಮ ಸಾಂಬಾರಿನ ಸೀಮೆಬದನೆಯನ್ನು ಬೆಂಗಳೂರಿಗೆ ಪರಿಚಯಿಸಿದವರೂ ಅವರೇ. ತಮಿಳರು ಅದನ್ನು ಬೆಂಗಳೂರು ಕತ್ತರಿಕಾಯಿ ಎನ್ನುತ್ತಾರೆ. 1908ರಲ್ಲಿ ಬಂದ ಜರ್ಮನಿಯ ಕ್ರುಂಬಿಗಲ್ ಅವರು ಒಂದು ಜಾತಿಯ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಬೀದಿಮರಗಳನ್ನು ಆಯ್ದರು. ದಕ್ಷಿಣ ಅಮೆರಿಕದ ಜಕರಾಂಡ, ಮಡಗಾಸ್ಕರಿನ ಗುಲ್‌ಮೊಹರ್ ಮುಂತಾದವು ನಗರದ ಬೀದಿಗಳನ್ನು ಅಲಂಕರಿಸಿದವು.

ಬಂದವರೆಲ್ಲ ಸಜ್ಜನ ಅತಿಥಿಗಳಾಗಿರಲಿಲ್ಲವೆಂಬುದನ್ನೂ ಹೇಳಬೇಕು. 1809ರ ಸುಮಾರಿಗೆ ಕಲಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಹೂಗಿಡವಾಗಿ ಬಂದದ್ದು ಲಂಟಾನ. ಹಕ್ಕಿಗಳು ಅದರ ಹಣ್ಣನ್ನು ತಿಂದು ಬೀಜವನ್ನು ಹರಡಿದವು. ಇಂದು ಬಂಡೀಪುರದ, ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಅದು ದಟ್ಟವಾಗಿ ಹಬ್ಬಿ ಹುಲ್ಲನ್ನೂ ಎಳೆಯ ಸಸಿಗಳನ್ನೂ ಮೇಲೇಳಗೊಡದೆ ಆನೆ, ಜಿಂಕೆಗಳ ಮೇವನ್ನು ಕಸಿದಿದೆ. ನಮ್ಮ ಬಯಲುಸೀಮೆಯ ಬಳ್ಳಾರಿ ಜಾಲಿಯೂ ಉರುವಲಿಗೆಂದು ತಂದ ಅಮೆರಿಕದ ಗಿಡವೇ. ಸೀತಾಫಲ ಪಾಳು ಗುಡ್ಡದಲ್ಲಿ ತನ್ನ ಪಾಡಿಗೆ ನಿಂತು ಬಡವನಿಗೆ ಹಣ್ಣು ಕೊಟ್ಟಿತು. ಲಂಟಾನ ಮನೆಯವರನ್ನೇ ಹೊರಗೆ ಹಾಕಿತು. ತರುವ ದಿನ ಇವೆರಡರ ವ್ಯತ್ಯಾಸವನ್ನು ಯಾವ ತೋಟಗಾರನೂ ಬಲ್ಲವನಾಗಿರಲಿಲ್ಲ.

2024ರ ಫೆಬ್ರುವರಿಯಲ್ಲಿ ಲಾಲ್‌ಬಾಗಿಗೆ ಹೋದವರು ಅಲ್ಲಿ ಆನೆಗಳ ಒಂದು ಹಿಂಡನ್ನೇ ಕಂಡರು. ನೀಲಗಿರಿಯ ಕಾಡಿನ ಆದಿವಾಸಿ ಕುಶಲಕರ್ಮಿಗಳು ಆಳೆತ್ತರಕ್ಕೂ ಮೀರಿ ಹೆಣೆದ ಆ ಆನೆಗಳೆಲ್ಲ ಲಂಟಾನದ ಕಡ್ಡಿಯವು.