ಗೇಣಿದಾರರ ಮತ, ಗೋಪಾಲಗೌಡರ ಗೆಲುವು

1952ರ ಮೊದಲ ಮಹಾಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಒಂದು ಪ್ರತ್ಯೇಕ ಪೆಟ್ಟಿಗೆ ಇರುತ್ತಿತ್ತು. ಅದರ ಮೇಲೆ ಪಕ್ಷದ ಚಿಹ್ನೆ. ಮತದಾರ ಮರೆಯ ಹಿಂದೆ ಹೋಗಿ, ಕೈಯಲ್ಲಿದ್ದ ಚೀಟಿಯನ್ನು ತನಗೆ ಬೇಕಾದ ಪೆಟ್ಟಿಗೆಗೆ ಹಾಕಿ ಬರಬೇಕು. ಅಕ್ಷರ ಬಾರದವರಿಗಾಗಿ ಮಾಡಿದ್ದ ಏರ್ಪಾಡು ಇದು. ಆದರೆ ಮಲೆನಾಡಿನ ಗೇಣಿದಾರನಿಗೆ ಚಿಹ್ನೆಗಿಂತ ಆ ಮರೆಯೇ ಮುಖ್ಯವಾಗಿತ್ತು. ಅಲ್ಲಿ ಒಡೆಯನ ಕಣ್ಣು ಬೀಳುತ್ತಿರಲಿಲ್ಲ. ಸಾಗರ-ಹೊಸನಗರ ಕ್ಷೇತ್ರದಲ್ಲಿ ಆಗ ಮರದ ಚಿಹ್ನೆಯ ಸೋಷಲಿಸ್ಟ್ ಪಕ್ಷದಿಂದ ಗೆದ್ದವರು ಮೂವತ್ತು ತುಂಬದ ಶಾಂತವೇರಿ ಗೋಪಾಲಗೌಡರು.

ಈ ಗೆಲುವಿನ ಬೇರು ಹಿಂದಿನ ವರ್ಷದ ಕಾಗೋಡಿನಲ್ಲಿದೆ. ಸಾಗರ ತಾಲ್ಲೂಕಿನ ಆ ಹಳ್ಳಿಯಲ್ಲಿ ಗೇಣಿ ಭತ್ತ ಅಳೆಯುವ ಕೊಳಗ ಮೂರು ಸೇರಿನದಿರಬೇಕು, ದೊಡ್ಡ ಕೊಳಗ ಬೇಡ ಎಂದು ದೀವರ ಸಮುದಾಯದ ರೈತರು ತಕರಾರು ತೆಗೆದರು. ಕೇಳಿದ್ದು ಇಷ್ಟೇ, ಭೂಮಿಯನ್ನಲ್ಲ. ಉಳುವ ನೆಲದಿಂದಲೇ ಅವರನ್ನು ಹೊರಹಾಕುವ ಪ್ರಯತ್ನ ನಡೆದಾಗ ತಕರಾರು ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದ್ದರು. ಸಮಾಜವಾದಿಗಳು ಜೊತೆಗೆ ನಿಂತರು. 1951ರ ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದಾಗ ಕಾಗೋಡಿನ ಹೆಸರು ದೇಶಕ್ಕೆ ತಿಳಿಯಿತು. 1923ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಹುಟ್ಟಿ, 1942ರ ಚಳವಳಿಯಲ್ಲಿ ವಿದ್ಯಾರ್ಥಿಯಾಗಿ ಜೈಲು ಕಂಡಿದ್ದ ಗೋಪಾಲಗೌಡರು ಈ ಹೋರಾಟದ ಮುಂಚೂಣಿಯಲ್ಲಿದ್ದರು.

ಸದನದಲ್ಲಿ ಅವರ ಪಕ್ಷದ ಬಲವೆಷ್ಟು? ಅಂದಿನ ಮೈಸೂರು ವಿಧಾನಸಭೆಯ 99 ಸ್ಥಾನಗಳಲ್ಲಿ ಸೋಷಲಿಸ್ಟರಿಗೆ ಬಂದದ್ದು ಮೂರು. ಕೆಂಗಲ್ ಹನುಮಂತಯ್ಯನವರ ಕಾಂಗ್ರೆಸ್ಸಿಗೆ ಇವರಿಂದ ಯಾವ ಅಪಾಯವೂ ಇರಲಿಲ್ಲ. ಮತ ಎಣಿಸಿದರೆ ಸೋಲು ಖಚಿತವಿದ್ದ ಕಡೆ ಮಾತಿನಿಂದಲೇ ಸರ್ಕಾರವನ್ನು ನಿಲ್ಲಿಸಿ ಕೇಳಬೇಕಾದ ಸ್ಥಿತಿ. ಗೌಡರು ಅದನ್ನು ಬಲ್ಲವರಾಗಿದ್ದರು. ಅವರ ಸಿಟ್ಟು ಪ್ರಸಿದ್ಧ. ಆದರೆ ಸಾಹಿತಿಗಳ ಒಡನಾಡಿಯಾಗಿದ್ದ, ಸ್ವತಃ ಒಳ್ಳೆಯ ಓದುಗರಾಗಿದ್ದ ಅವರ ಕನ್ನಡ ಆ ಸಿಟ್ಟಿಗಿಂತ ಹೆಚ್ಚು ಕೆಲಸ ಮಾಡಿತೆಂದೇ ಹೇಳಬೇಕು.

1957ರಲ್ಲಿ ಅವರು ಸೋತರು. ಅಷ್ಟರಲ್ಲಿ ರಾಜ್ಯವೇ ಬದಲಾಗಿತ್ತು: ಏಕೀಕರಣದ ನಂತರ ವಿಧಾನಸಭೆಯ ಸ್ಥಾನಗಳು 208. ಸಮಾಜವಾದಿಗಳೂ 1955ರ ಕೊನೆಗೆ ಒಡೆದು ಎರಡಾಗಿದ್ದರು. ಮುಂದಿನ ಐದು ವರ್ಷ ಅಧಿಕಾರವೂ ಇಲ್ಲ, ಸ್ಥಾನವೂ ಇಲ್ಲ. ಇಂಥ ಹೊತ್ತಿನಲ್ಲಿ ಆಳುವ ಪಕ್ಷದ ಕಡೆ ಸರಿದ ಸಮಾಜವಾದಿಗಳು ದೇಶದಲ್ಲಿ ಕಡಿಮೆಯೇನಿರಲಿಲ್ಲ. ಗೌಡರು ಸರಿಯಲಿಲ್ಲ. 1962ರಲ್ಲಿ ತೀರ್ಥಹಳ್ಳಿ ಅವರನ್ನು ಆರಿಸಿತು, 1967ರಲ್ಲಿ ಮತ್ತೆ ಆರಿಸಿತು. ಹಣವಿಲ್ಲದ ಅಭ್ಯರ್ಥಿಗೆ ಜನರೇ ಖರ್ಚು ಕೊಟ್ಟು ಮತವನ್ನೂ ಕೊಡುವ 'ಒಂದು ವೋಟು, ಒಂದು ನೋಟು' ಎಂಬ ಮಾತು ಮಲೆನಾಡಿನಲ್ಲಿ ಇಂದಿಗೂ ಅವರ ಹೆಸರಿನೊಂದಿಗೇ ಬರುತ್ತದೆ.

1967ರ ಆ ಚುನಾವಣೆಯಲ್ಲಿ ಸಂಯುಕ್ತ ಸೋಷಲಿಸ್ಟ್ ಪಕ್ಷದಿಂದಲೇ ಸೊರಬದಲ್ಲಿ ಎಸ್. ಬಂಗಾರಪ್ಪ ವಿಧಾನಸಭೆಗೂ, ಶಿವಮೊಗ್ಗದಿಂದ ಜೆ.ಎಚ್. ಪಟೇಲರು ಲೋಕಸಭೆಗೂ ಹೋದರು. ಇಬ್ಬರೂ ಮುಂದೆ ಬೇರೆ ಬೇರೆ ಪಕ್ಷಗಳಿಂದ ಮುಖ್ಯಮಂತ್ರಿಗಳಾದರು. ಅವರ ಹಿರಿಯ ಗೆಳೆಯನಿಗೆ ಮಂತ್ರಿಗಿರಿಯೂ ಸಿಗಲಿಲ್ಲ. ಅದನ್ನು ಅರಸಿ ಹೋದವರೂ ಅವರಲ್ಲ.

ಕೊನೆಯ ವರ್ಷಗಳು ಕಾಯಿಲೆಯಲ್ಲಿ ಕಳೆದವು. 1972ರ ಚುನಾವಣೆಯಲ್ಲಿ ತೀರ್ಥಹಳ್ಳಿಯಿಂದ ಸಮಾಜವಾದಿಗಳ ಪರವಾಗಿ ಗೆದ್ದವರು ಕೋಣಂದೂರು ಲಿಂಗಪ್ಪ. ಅದೇ ಜೂನ್ 9ರಂದು ಗೌಡರು ತೀರಿಕೊಂಡರು. ಆಗ ವಯಸ್ಸು 49. ಯು.ಆರ್. ಅನಂತಮೂರ್ತಿಯವರ 'ಅವಸ್ಥೆ' ಕಾದಂಬರಿಯ ನಾಯಕನಲ್ಲಿ ಅನೇಕರು ಅವರನ್ನು ಗುರುತಿಸುತ್ತಾರೆ. ಕಾದಂಬರಿ ಕಾದಂಬರಿಯೇ, ಶಾಸಕ ಗೋಪಾಲಗೌಡರನ್ನು ಹುಡುಕುವವರು ಸದನದ ನಡಾವಳಿಗಳನ್ನು ತೆರೆಯುವುದು ಒಳ್ಳೆಯದು.

ರಾಜ್ಯಕ್ಕೆ ಕರ್ನಾಟಕವೆಂದೇ ಹೆಸರಿಡಬೇಕೆಂದು ಒತ್ತಾಯಿಸಿದವರಲ್ಲಿ ಅವರೂ ಒಬ್ಬರು. ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅವರ ಗೆಳೆಯ ದೇವರಾಜ ಅರಸರ ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿ, ಉಳುವವರು ಒಡೆತನ ಕೋರಿ ಅರ್ಜಿ ಹಾಕಿದರು. ಕೊಳಗದ ಅಳತೆಗಾಗಿ ಸತ್ಯಾಗ್ರಹ ಹೂಡಿದವರ ಮಕ್ಕಳು ಹೀಗೆ ಭೂನ್ಯಾಯಮಂಡಳಿಗಳ ಮುಂದೆ ನಿಂತಾಗ, ಅದನ್ನು ನೋಡಲು ಗೌಡರು ಇರಲಿಲ್ಲ.