ಕೌಂಟರಿನಲ್ಲೇ ಉಳಿದ ರಿಯಾಯಿತಿ: ರೈಲು ಟಿಕೆಟ್ ಮೊಬೈಲಿಗೆ ಬಂದಾಗ ಹಿಂದೆ ಬಿದ್ದವರು

ರೈಲಿನ ರಿಯಾಯಿತಿ ಎಂದಕೂಡಲೇ ನಮ್ಮ ಹಳ್ಳಿಗಳಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಹಿರಿಯ ನಾಗರಿಕರದು. 60 ತುಂಬಿದ ಗಂಡಸರಿಗೆ ಶೇ. 40, 58 ತುಂಬಿದ ಹೆಂಗಸರಿಗೆ ಶೇ. 50 ಕಡಿತ ಇತ್ತು. 2020ರ ಮಾರ್ಚ್‌ನಲ್ಲಿ ಕೊರೊನಾ ಹೊತ್ತಿಗೆ ನಿಂತದ್ದು ಮತ್ತೆ ಬರಲಿಲ್ಲ. ಅದರ ಬಗ್ಗೆ ಬೇಕಾದಷ್ಟು ಚರ್ಚೆ ಆಗಿದೆ. ನಾವು ಇಲ್ಲಿ ಹೇಳಹೊರಟಿರುವುದು ಆಗ ನಿಲ್ಲದೆ ಉಳಿದ ರಿಯಾಯಿತಿಗಳ ಕಥೆ: ಅಂಗವಿಕಲರದು, ರೋಗಿಗಳದು. ಕಾಗದದ ಮೇಲೆ ಇವು ಇವೆ. ಮನೆಯಲ್ಲಿ ಕೂತು ಮೊಬೈಲಿನಲ್ಲಿ ಟಿಕೆಟ್ ತೆಗೆಯುವಾಗ ಎಷ್ಟು ಸಿಗುತ್ತವೆ ಎಂಬುದು ಬೇರೆ ಮಾತು. ಅದು ಹೀಗೇಕಾಯಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಒಂದು ಕಾಲಕ್ಕೆ ಸೀಟು ಕಾಯ್ದಿರಿಸುವುದೆಲ್ಲ ಕೈಬರಹದ ಕೆಲಸ. ದಪ್ಪ ರಿಜಿಸ್ಟರು, ರಟ್ಟಿನ ಸಣ್ಣ ಟಿಕೆಟ್ಟು. ಆಗ ರಿಯಾಯಿತಿ ಕೊಡುವ ಕ್ರಮವೂ ಸರಳವಾಗಿತ್ತು. ಸರ್ಕಾರಿ ವೈದ್ಯರು ಬರೆದುಕೊಟ್ಟ ಪ್ರಮಾಣಪತ್ರವನ್ನು ಕಿಂಡಿಯೊಳಗೆ ಕೊಟ್ಟರೆ ಗುಮಾಸ್ತ ಓದಿ, ದರ ಇಳಿಸಿ ಟಿಕೆಟ್ ಕೊಡುತ್ತಿದ್ದ. ಅಂದರೆ ರಿಯಾಯಿತಿ ನಿಂತಿದ್ದು ಒಬ್ಬ ಮನುಷ್ಯ ಕಾಗದ ನೋಡಿ ಒಪ್ಪುವುದರ ಮೇಲೆ. 1985-86ರಲ್ಲಿ ದೆಹಲಿಯಲ್ಲಿ ಕಂಪ್ಯೂಟರ್ ಬುಕಿಂಗ್ ಶುರುವಾಗಿ, 1999ರ ಹೊತ್ತಿಗೆ ದೇಶದ ದೊಡ್ಡ ಕೇಂದ್ರಗಳೆಲ್ಲ ಒಂದೇ ಜಾಲಕ್ಕೆ ಬಂದಾಗಲೂ ಇದು ಬದಲಾಗಲಿಲ್ಲ. ಯಾವ ಕೌಂಟರಿನಲ್ಲಿ ನಿಂತರೂ ಯಾವ ಊರಿನ ರೈಲಿಗೂ ಟಿಕೆಟ್ ಸಿಗುವಂತಾಯಿತು. ಕಿಂಡಿಯ ಆಚೆ ಗುಮಾಸ್ತ ಇದ್ದೇ ಇದ್ದ.

2002ರ ಆಗಸ್ಟ್‌ನಲ್ಲಿ ಐಆರ್‌ಸಿಟಿಸಿ ಇಂಟರ್ನೆಟ್ ಬುಕಿಂಗ್ ತಂದಿತು. ಆಗ ಟಿಕೆಟ್ ಬರುತ್ತಿದ್ದದ್ದು ಕೊರಿಯರಿನಲ್ಲಿ. ಕೊರಿಯರ್ ಮುಟ್ಟದ ನಮ್ಮಂಥ ಊರುಗಳಿಗೆ ಅದರಿಂದ ಆದ ಉಪಕಾರ ಅಷ್ಟಕ್ಕಷ್ಟೇ. 2005ರಲ್ಲಿ ಇ-ಟಿಕೆಟ್ ಬಂತು. ಮುಂದೆ ಮೊಬೈಲಿಗೆ ಬಂದ ಸಂದೇಶ ತೋರಿಸಿದರೂ ಸಾಕು ಎಂದಾಯಿತು. ಇಲ್ಲಿ ಕಿಂಡಿಯೂ ಇಲ್ಲ, ಗುಮಾಸ್ತನೂ ಇಲ್ಲ. ಹಾಗಾದರೆ ಪ್ರಮಾಣಪತ್ರ ನೋಡುವವರು ಯಾರು? ಈ ಪ್ರಶ್ನೆಗೆ ಉತ್ತರ ಸಿಗದೆ ಅಂಗವಿಕಲರ ರಿಯಾಯಿತಿ ಕೌಂಟರಿನಲ್ಲೇ ಉಳಿದುಬಿಟ್ಟಿತು.

ಹಿರಿಯ ನಾಗರಿಕರ ವಿಷಯದಲ್ಲಿ ಮಾತ್ರ ಆನ್‌ಲೈನ್ ವ್ಯವಸ್ಥೆ ನಂಬಿಕೆ ತೋರಿಸಿತ್ತು ನೋಡಿ. ವಯಸ್ಸು ಟೈಪ್ ಮಾಡಿದರೆ ಸಾಕು, ದರ ಇಳಿಯುತ್ತಿತ್ತು. ಪುರಾವೆಯನ್ನು ರೈಲಿನಲ್ಲಿ ಟಿಟಿಇಗೆ ತೋರಿಸಿದರಾಯಿತು. ಅಂಗವಿಕಲರ ಪ್ರಮಾಣಪತ್ರವನ್ನೂ ರೈಲಿನಲ್ಲೇ ನೋಡಬಹುದಿತ್ತಲ್ಲ ಎಂದು ನಮಗನ್ನಿಸುತ್ತದೆ. ಸುಳ್ಳು ಪ್ರಮಾಣಪತ್ರಗಳ ಭಯ ಸುಳ್ಳೇನಲ್ಲ. ಆದರೆ ಆ ಭಯದ ಬೆಲೆ ತೆತ್ತವರು ಕ್ಯೂನಲ್ಲಿ ನಿಲ್ಲುವುದೇ ಕಷ್ಟವಾದವರು.

2015ರಲ್ಲಿ ರೈಲ್ವೆ ಒಂದು ದಾರಿ ಮಾಡಿತು. ವಿಭಾಗೀಯ ಕಚೇರಿಗೆ ವೈದ್ಯರ ಪ್ರಮಾಣಪತ್ರ, ಫೋಟೊ, ವಿಳಾಸದ ದಾಖಲೆ ಕೊಡಬೇಕು. ಪ್ರಮಾಣಪತ್ರ ನಿಜವೇ ಎಂದು ಪರಿಶೀಲಿಸಿ, ಸಂಖ್ಯೆಯಿರುವ ಫೋಟೊ ಗುರುತಿನ ಚೀಟಿ ಕೊಡುತ್ತಾರೆ. ಆ ಸಂಖ್ಯೆ ಹಾಕಿದರೆ ಆನ್‌ಲೈನಿನಲ್ಲೂ ರಿಯಾಯಿತಿ. ಇಂಟರ್ನೆಟ್ ಬುಕಿಂಗ್ ಶುರುವಾಗಿ ಆಗಲೇ 13 ವರ್ಷ ಕಳೆದಿತ್ತು.

ಆದರೆ ವಿಭಾಗೀಯ ಕಚೇರಿ ಎಲ್ಲಿದೆ? ನಮ್ಮ ನೈಋತ್ಯ ರೈಲ್ವೆಗೆ ಕರ್ನಾಟಕದಲ್ಲಿ ಇರುವುದು ಮೂರು: ಹುಬ್ಬಳ್ಳಿ, ಮೈಸೂರು, ಬೆಂಗಳೂರು. ಕರ್ನಾಟಕದ ರೈಲೆಲ್ಲ ಇವಕ್ಕೇ ಸೇರಿದ್ದಲ್ಲ. ಆಗ ಕಲಬುರಗಿ ನಿಲ್ದಾಣ ಮಹಾರಾಷ್ಟ್ರದ ಸೊಲ್ಲಾಪುರ ವಿಭಾಗದಲ್ಲಿತ್ತು. ರಾಯಚೂರು, ಯಾದಗಿರಿ ಆಂಧ್ರದ ಗುಂತಕಲ್ಲಿಗೆ, ಬೀದರ್ ಸಿಕಂದರಾಬಾದಿಗೆ, ಮಂಗಳೂರು ಕೇರಳದ ಪಾಲಕ್ಕಾಡಿಗೆ ಸೇರಿದ್ದವು. ಕೊಡಗಿನಲ್ಲಂತೂ ರೈಲು ನಿಲ್ದಾಣವೇ ಇಲ್ಲ. ಕ್ಯೂ ತಪ್ಪಿಸುವ ಕಾರ್ಡಿಗಾಗಿ ಬೇರೆ ರಾಜ್ಯದ ಕಚೇರಿಯ ಕಡೆ ನೋಡಬೇಕಾದ ಸ್ಥಿತಿ ಅದು. ಈಚಿನ ವರ್ಷಗಳಲ್ಲಿ ಅರ್ಜಿಯನ್ನು ಆನ್‌ಲೈನಿನಲ್ಲೇ ಹಾಕಬಹುದು, ಅಷ್ಟರಮಟ್ಟಿಗೆ ಓಡಾಟ ಕಡಿಮೆಯಾಗಿದೆ.

ಕಾರ್ಡು ಸಿಗುವುದೂ ಎಲ್ಲರಿಗಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ರೈಲ್ವೆಯ ರಿಯಾಯಿತಿ ನಾಲ್ಕು ವರ್ಗಗಳಿಗೆ: ಇನ್ನೊಬ್ಬರ ನೆರವಿಲ್ಲದೆ ಪ್ರಯಾಣ ಮಾಡಲಾಗದ ಕೈಕಾಲು ಊನದವರು, ದೃಷ್ಟಿ ಪೂರ್ತಿ ಇಲ್ಲದವರು, ಬೌದ್ಧಿಕ ಅಂಗವೈಕಲ್ಯ ಇರುವವರು, ಕಿವಿ ಮಾತು ಎರಡೂ ಇಲ್ಲದವರು. ಮೊದಲ ಮೂರು ವರ್ಗಗಳಿಗೆ ಸ್ಲೀಪರಿನಲ್ಲಿ ಶೇ. 75 ಕಡಿತ, ನಾಲ್ಕನೆಯದಕ್ಕೆ ಶೇ. 50.

ಇನ್ನು ಕುಟುಂಬದ ಮಾತು. ಕಾರ್ಡು ಇದ್ದವರ ಜೊತೆಗೆ ಒಬ್ಬ ಸಹಾಯಕರಿಗೆ ರಿಯಾಯಿತಿ ಉಂಟು. ನಿಯಮದ ಕಣ್ಣಿಗೆ ಕಾಣುವ ಕುಟುಂಬ ಇಷ್ಟೇ, ಇಬ್ಬರು. ಗಂಡನಿಗೆ ಕಣ್ಣು ಕಾಣದು, ಹೆಂಡತಿ ಜೊತೆಗೆ ಹೊರಟಿದ್ದಾಳೆ, ಎರಡು ಮಕ್ಕಳಿವೆ ಎಂದಿಟ್ಟುಕೊಳ್ಳಿ. ಅಂಗವಿಕಲರ ಕೋಟಾದಲ್ಲಿ ಸ್ಲೀಪರಿನಲ್ಲಿ 2 ಕೆಳಗಿನ, 2 ಮಧ್ಯದ ಬರ್ತು ಇಟ್ಟಿರುತ್ತಾರೆ. ಕೆಳಗಿನದು ಅವನಿಗೆ, ಮಧ್ಯದ್ದು ಅವಳಿಗೆ. ಒಂದು ಟಿಕೆಟ್ಟಿಗೆ ಒಂದೇ ಕೋಟಾ, ಹಾಗಾಗಿ ಮಕ್ಕಳಿಗೆ ಸಾಮಾನ್ಯ ಕೋಟಾದಲ್ಲಿ ಬೇರೆಯೇ ಟಿಕೆಟ್ ತೆಗೆಯಬೇಕು. ಅಪ್ಪ ಅಮ್ಮ ಒಂದು ಬೋಗಿ, ಮಕ್ಕಳು ಇನ್ನೊಂದು ಆಗಬಹುದು. ಇಲ್ಲವೇ ಅವರ ಟಿಕೆಟ್ ಖಚಿತವಾಗಿ ಇವರದು ವೇಟಿಂಗ್ ಲಿಸ್ಟಿನಲ್ಲಿ ಉಳಿಯಬಹುದು. ಆಗ ತಾಯಿ ಯಾರ ಸಹಾಯಕಿ? ಎಲ್ಲರೂ ಒಟ್ಟಿಗೆ ಇರಲೆಂದು ಸಾಮಾನ್ಯ ಕೋಟಾದಲ್ಲೇ ತೆಗೆದರೆ ಕೆಳಗಿನ ಬರ್ತಿನ ಭರವಸೆ ಹೋಗುತ್ತದೆ. ಕೊನೆಗಳಿಗೆಯಲ್ಲಿ ತತ್ಕಾಲ್ ಹಿಡಿದರೆ ರಿಯಾಯಿತಿಯೇ ಇಲ್ಲ, ಯಾರಿಗೂ.

ಮುದುಕರ ಕೆಳಗಿನ ಬರ್ತಿಗೂ ಇದೇ ಗಂಟು. ದರದ ಕಡಿತ ಹೋದರೂ ಆ ಕೋಟಾ ಉಳಿದಿದೆ: 60 ತುಂಬಿದ ಗಂಡಸರು, 45 ತುಂಬಿದ ಹೆಂಗಸರು. ಆದರೆ ಒಂಟಿಯಾಗಿ, ಇಲ್ಲವೇ ಅದೇ ಕೋಟಾಕ್ಕೆ ಸೇರುವ ಇಬ್ಬರು ಹೊರಟಾಗ ಮಾತ್ರ. ಅಜ್ಜಿಯನ್ನು ಕರೆದೊಯ್ಯುವ ಮೊಮ್ಮಗ ಇಬ್ಬರ ಹೆಸರನ್ನೂ ಒಂದೇ ಟಿಕೆಟ್ಟಿನಲ್ಲಿ ಹಾಕಿದನೋ, ಅಜ್ಜಿಗೆ ಆ ಕೋಟಾ ತಪ್ಪಿತು.

ರೋಗಿಗಳಿಗಾದರೋ 2015ರಂಥ ಕಾರ್ಡೂ ಬರಲಿಲ್ಲ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ಶೇ. 100 ರಿಯಾಯಿತಿ, ಜೊತೆಗಿರುವವರಿಗೆ ಶೇ. 75. ಇಷ್ಟು ದೊಡ್ಡ ಸವಲತ್ತು ಇರುವುದು ಕೌಂಟರಿನಲ್ಲಿ ಮಾತ್ರ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬರುವ ಉತ್ತರ ಕರ್ನಾಟಕದ ರೋಗಿಯ ಮನೆಯವರು ಪ್ರಮಾಣಪತ್ರ ಹಿಡಿದು ರಿಸರ್ವೇಷನ್ ಕೌಂಟರ್ ಇರುವ ಊರಿಗೆ ಹೋಗಲೇಬೇಕು. ಬುಕಿಂಗ್ ಈಗ ತೆರೆಯುವುದು 60 ದಿನ ಮೊದಲು, ಬೆಳಿಗ್ಗೆ 8ಕ್ಕೆ, ಕೌಂಟರಿನಲ್ಲೂ ಮೊಬೈಲಿನಲ್ಲೂ ಒಂದೇ ಹೊತ್ತಿಗೆ. ಹಳ್ಳಿಯಿಂದ ಮೊದಲ ಬಸ್ಸು ಹಿಡಿದವರು ಕೌಂಟರ್ ಮುಟ್ಟುವಷ್ಟರಲ್ಲಿ ಎಷ್ಟೋ ಬರ್ತುಗಳು ಮೊಬೈಲಿನವರ ಪಾಲಾಗಿರುತ್ತವೆ.